ಮಾರ್ಚ್ ಕೊನೆಗೆ ತೀರ್ಥನ್ ನದಿಗೆ ಫ್ಲೈ ಫಿಶಿಂಗ್: ಆ ಹೊತ್ತಿಗೆ ನೀರು ಹೇಗಿರುತ್ತೆ?

ಬಾತಿ ಕೆರೆ ದಂಡೆ · ಫೆಬ್ರವರಿ 16

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. ಬಾತಿ ಕೆರೆ, ಕೊಂಡಜ್ಜಿ ಕೆರೆ ದಂಡೆಯಲ್ಲಿ ಗಾಳ ಹಾಕಿಕೊಂಡೇ ಬೆಳೆದೆ. ಬಿದಿರಿನ ಕೋಲು, ತಂಗುಸು ದಾರ, ನವಿಲುಗರಿ ದಂಟಿನ ಬೆಂಡು. ಕೊಕ್ಕೆಗೆ ಮೈದಾ ಹಿಟ್ಟಿನ ಉಂಡೆ, ಇಲ್ಲಾಂದ್ರೆ ಎರೆಹುಳು. ಅಜ್ಜ ಕಲಿಸಿದ್ದು ಇಷ್ಟು. ಇದರಲ್ಲೇ ಖುಷಿಯಾಗಿದ್ದೆ.

ಎರಡು ವರ್ಷದ ಹಿಂದೆ ಗೆಳೆಯನೊಬ್ಬ ತನ್ನ ಹಳೆಯ ಫ್ಲೈ ರಾಡ್ ಕೊಟ್ಟ. ನಿಜವಾದ ಹುಳುವಿನ ಬದಲು ಗರಿ, ದಾರ ಸುತ್ತಿ ಕಟ್ಟಿದ ನಕಲಿ ಹುಳು, ಅಂದರೆ ಫ್ಲೈ, ಎಸೆಯುವ ಗಾಳ ಅದು. 9 ಅಡಿ ಉದ್ದ, 5 ನಂಬರ್ ಲೈನ್. ಆವತ್ತಿನಿಂದ ಅದರದ್ದೇ ಹುಚ್ಚು. ಭಾನುವಾರ ಹುಡುಗರು ಕ್ರಿಕೆಟ್ ಶುರು ಮಾಡುವ ಮುಂಚೆ ಹೈಸ್ಕೂಲ್ ಮೈದಾನಕ್ಕೆ ಹೋಗಿ ಲೈನ್ ಬೀಸುವುದನ್ನು ಅಭ್ಯಾಸ ಮಾಡುತ್ತೇನೆ. ಈಗ 40 ಅಡಿವರೆಗೆ ನೇರವಾಗಿ ಹೋಗುತ್ತದೆ. ಕೊಂಡಜ್ಜಿಯಲ್ಲಿ ನಾಲ್ಕು ಜಿಲೇಬಿ ಮೀನು, ಒಂದು ಸಣ್ಣ ಗೆಂಡೆ ಫ್ಲೈಗೆ ಬಿದ್ದಿವೆ.

ಮಾರ್ಚ್ ಕೊನೆಯ ವಾರ ಹಿಮಾಚಲದ ತೀರ್ಥನ್ ನದಿಗೆ ಹೋಗುತ್ತಿದ್ದೇನೆ. ಐದು ದಿನ ಇರುತ್ತೇನೆ. ಟ್ರೌಟ್ ಮೀನನ್ನು ಫೋಟೋದಲ್ಲಿ ಬಿಟ್ಟರೆ ನೋಡಿಲ್ಲ. ಸೀಸನ್ ಆಗಷ್ಟೇ ಶುರುವಾಗಿರುತ್ತೆ ಅಂತಾರೆ. ಹಿಮ ಕರಗಿ ಹೊಳೆ ತುಂಬಿರುತ್ತಾ? ಯಾವ ಫ್ಲೈ ಒಯ್ಯಬೇಕು? ಬೆಳಗ್ಗೆ ಎಷ್ಟು ಗಂಟೆಗೆ ನೀರಿಗಿಳಿದರೆ ಒಳ್ಳೆಯದು? ಅಲ್ಲಿ ಬೆಟ್ಟದ ಮೇಲಿನ ಸರೋವರಗಳಲ್ಲಿ ಗಾಳ ಹಾಕಬಹುದಾ? ಗೊತ್ತಿದ್ದವರು ದಯವಿಟ್ಟು ಹೇಳಿ. ಈ ಪ್ರವಾಸಕ್ಕೆ ಒಂದು ವರ್ಷ ದುಡ್ಡು ಕೂಡಿಟ್ಟಿದ್ದೇನೆ.

ಹರಿಹರ ಹೊಳೆಸಾಲು · ಫೆಬ್ರವರಿ 16

ತಮ್ಮಾ, ಹಿಮದ ಹೊಳೆ ನಾನು ಕಂಡವನಲ್ಲ. ನಮ್ಮದು ತುಂಗಭದ್ರೆ, ಹರಿಗೋಲು, ಬಲೆ. ಮೂರು ತಲೆಮಾರಿನಿಂದ ಇದೇ ಕೆಲಸ. ಆದ್ರೆ ಒಂದು ಮಾತು ಹೇಳ್ತೀನಿ. ಯಾವ ಹೊಳೆಗೆ ಹೋದರೂ ಮೊದಲನೇ ದಿನ ಗಾಳ ಬಿಚ್ಚಬೇಡ. ದಂಡೆ ಮೇಲೆ ಕೂತು ನೋಡು. ನೀರಿನ ಅಂಚಿಗೆ ಒಂದು ಕಡ್ಡಿ ಚುಚ್ಚು, ಇಲ್ಲಾ ಒಂದು ಕಲ್ಲು ಗುರುತು ಇಟ್ಟುಕೋ. ಬೆಳಗ್ಗೆ ಎಲ್ಲಿತ್ತು, ಮಧ್ಯಾಹ್ನ ಎಲ್ಲಿತ್ತು, ಸಂಜೆ ಎಲ್ಲಿಗೆ ಬಂತು ನೋಡು. ಏರುವ ನೀರಿನಲ್ಲಿ ಮೀನು ದಂಡೆಗೆ ಬರುತ್ತದೆ. ಇಳಿಯುವ ನೀರಿನಲ್ಲಿ ಮಡುವಿಗೆ ಹೋಗುತ್ತದೆ. ಇದು ಎಲ್ಲ ಹೊಳೆಗೂ ಒಂದೇ ಅಂತ ನನ್ನ ನಂಬಿಕೆ. ಅಲ್ಲಿ ಬೇರೆ ಥರ ಇದ್ದರೆ ವಾಪಸ್ ಬಂದು ಹೇಳು, ನಾನೂ ಕಲೀತೀನಿ.

ದುರ್ಗದ ಬಂಡೆ · ಫೆಬ್ರವರಿ 17

ನಾನು ಚಿತ್ರದುರ್ಗದವಳು. ಕೆಲಸದ ಮೇಲೆ ನಾಲ್ಕು ವರ್ಷ ಕುಲ್ಲು ಜಿಲ್ಲೆಯಲ್ಲಿದ್ದೆ. ಫ್ಲೈ ಗಾಳ ಕಲಿತದ್ದು ಅಲ್ಲೇ, ತೀರ್ಥನ್ ದಂಡೆಯಲ್ಲೇ. ಗೊತ್ತಿದ್ದಷ್ಟು ಬರೀತೀನಿ, ಸ್ವಲ್ಪ ಉದ್ದವಾಗುತ್ತೆ.

ಮೊದಲು ಕಾಲದ ಮಾತು. ಹಿಮಾಚಲದಲ್ಲಿ ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಹಿಡಿಯುವಂತಿಲ್ಲ. ಅದು ಮೊಟ್ಟೆ ಇಡುವ ಕಾಲ. ಮಾರ್ಚ್ 1ಕ್ಕೆ ಬಾಗಿಲು ತೆರೆಯುತ್ತದೆ. ನೀನು ಹೋಗುವ ಹೊತ್ತಿಗೆ ಮೇಲಿನ ಹಿಮ ಇನ್ನೂ ಜೋರಾಗಿ ಕರಗಲು ಶುರುವಾಗಿರಲ್ಲ. ಹಾಗಾಗಿ ಹೊಳೆ ತುಂಬಿರುವುದಿಲ್ಲ. ನೀರು ಕಡಿಮೆ ಇರುತ್ತದೆ, ಗಾಜಿನ ಹಾಗೆ ತಿಳಿಯಾಗಿರುತ್ತದೆ, ಕೈ ಇಟ್ಟರೆ ಮೂಳೆ ನೋಯುವಷ್ಟು ತಣ್ಣಗಿರುತ್ತದೆ. ಏಪ್ರಿಲ್ ಕೊನೆಗೆ, ಮೇ ತಿಂಗಳಿಗೆ ಹಿಮನೀರು ಬಂದಾಗ ಹೊಳೆ ಏರಿ ಹಾಲು ಬೆರೆತ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಮಳೆಗಾಲ. ಮತ್ತೆ ತಿಳಿಯಾಗುವುದು ಸೆಪ್ಟೆಂಬರ್ ಕೊನೆಗೆ. ಅಂದರೆ ನೀನು ಒಳ್ಳೆ ಹೊತ್ತಿಗೇ ಹೊರಟಿದ್ದೀಯ.

ಈಗ ನೀನು ಕೇಳಿದ ಗಂಟೆ ಲೆಕ್ಕ. ನಮ್ಮ ಕಡೆಯಿಂದ ಹೋದವರು ಎಡವುವುದು ಇಲ್ಲೇ. ಗಾಳ ಅಂದ ತಕ್ಷಣ ಬೆಳಗ್ಗೆ ಐದಕ್ಕೆ ಏಳುವುದು ನಮಗೆ ರೂಢಿ, ಅಲ್ವಾ? ಬಾತಿ ಕೆರೆಯಲ್ಲಿ ಅದು ಸರಿ. ಏಪ್ರಿಲ್ ಬಿಸಿಲಿಗೆ ನಮ್ಮ ಕೆರೆಯ ಮೇಲ್ನೀರು 30 ಡಿಗ್ರಿ ದಾಟುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 10 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಹಿಡಿಯುತ್ತದೆ, 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. ಅದಕ್ಕೇ ನಮ್ಮ ಮೀನು ಬಿಸಿಲೇರುವ ಮುಂಚೆ, ತಂಪು ಹೊತ್ತಿನಲ್ಲಿ ಮೇಯುತ್ತದೆ. ಅಲ್ಲಿ ಪೂರ್ತಿ ಉಲ್ಟಾ. ಆಮ್ಲಜನಕಕ್ಕೆ ಕೊರತೆ ಇಲ್ಲ, ಕೊರತೆ ಇರುವುದು ಬಿಸಿಗೆ. ಮೀನಿನ ಮೈ ನೀರಿನಷ್ಟೇ ತಣ್ಣಗಿರುತ್ತದೆ. 5 ಡಿಗ್ರಿ ನೀರಿನಲ್ಲಿ ಟ್ರೌಟ್ ತಳದಲ್ಲಿ ಸುಮ್ನೆ ನಿಂತಿರುತ್ತದೆ. ಬಾಯಿ ಮುಂದೆ ಬಂದರೆ ತಿಂದೀತು, ಎರಡಡಿ ಆಚೆ ಹೋದರೆ ಕದಲಲ್ಲ. 10ರಿಂದ 16 ಡಿಗ್ರಿ ಅದಕ್ಕೆ ಸುಖ. 20 ದಾಟಿದರೆ ಕಷ್ಟ ಶುರು. ಮಾರ್ಚ್‌ನಲ್ಲಿ ಆ 10ರ ಹತ್ತಿರ ನೀರು ಬರುವುದೇ ಮಧ್ಯಾಹ್ನ. ಬಿಸಿಲು ಕಣಿವೆಯ ತಳಕ್ಕೆ ಇಳಿಯುವವರೆಗೆ ರೂಮಿನಲ್ಲಿ ಚಹಾ ಕುಡಿ. ಹನ್ನೊಂದರಿಂದ ಮೂರೂವರೆ ನಿನ್ನ ಹೊತ್ತು.

ಒಂದು ಥರ್ಮಾಮೀಟರ್ ತಗೋ. ಮೀನು ಸಾಕುವ ತೊಟ್ಟಿಗೆ ಹಾಕುವ ಸಣ್ಣದೇ ಸಾಕು, ದಾರ ಕಟ್ಟಿ ಇಳಿಬಿಡು. ನನ್ನ ಡಬ್ಬಿಯಲ್ಲಿರುವ ಎಲ್ಲ ಫ್ಲೈಗಿಂತ ಅದು ನನಗೆ ಜಾಸ್ತಿ ಮೀನು ಹಿಡಿದುಕೊಟ್ಟಿದೆ.

ಫ್ಲೈ ವಿಷಯ. ಆ ಕಾಲಕ್ಕೆ ಮೀನಿನ ಊಟ ಎಲ್ಲ ಕಲ್ಲಿನ ಕೆಳಗೆ. ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್ ಹುಳುಗಳ ಮರಿಗಳು. ಅಂಗೈ ಅಗಲದ ಒಂದು ಕಲ್ಲು ಎತ್ತಿ ತಿರುಗಿಸಿ ನೋಡು, ಅಂಟಿಕೊಂಡಿರುತ್ತವೆ. ಅವುಗಳ ಬಣ್ಣ, ಗಾತ್ರ ನೋಡಿ ನಿನ್ನ ನಿಂಫ್, ಅಂದರೆ ಆ ಮರಿಯ ಹಾಗೆ ಕಟ್ಟಿದ ಫ್ಲೈ, ಆರಿಸಿಕೋ. ಫೆಸೆಂಟ್ ಟೈಲ್, ಹೇರ್ಸ್ ಇಯರ್ ಅನ್ನುವ ಎರಡು ನಿಂಫನ್ನೂ 14ರಿಂದ 18 ನಂಬರ್ ಕೊಕ್ಕೆಯಲ್ಲಿ ಕಟ್ಟಿಕೊಂಡು ಹೋಗು. ನಂಬರ್ ಜಾಸ್ತಿಯಾದಷ್ಟೂ ಕೊಕ್ಕೆ ಸಣ್ಣದು ಅನ್ನೋದು ನೆನಪಿರಲಿ. ತಲೆಗೆ ಟಂಗ್‌ಸ್ಟನ್ ಮಣಿ ಇರಲೇಬೇಕು, ತಳ ಮುಟ್ಟದ ಫ್ಲೈ ಮಾರ್ಚ್‌ನಲ್ಲಿ ದಂಡ. ಆಗೊಮ್ಮೆ ಈಗೊಮ್ಮೆ ತಳದ ಕಲ್ಲಿಗೆ ಸಿಕ್ಕಿಹಾಕಿಕೊಳ್ಳುತ್ತಿದ್ದರೆ ನೀನು ಸರಿಯಾದ ಆಳದಲ್ಲಿದ್ದೀಯ ಅಂತ ಅರ್ಥ. ಮೇಲೆ ಇಂಡಿಕೇಟರ್ ಹಾಕು. ಅದು ನಿನ್ನ ನವಿಲುಗರಿ ಬೆಂಡಿನ ಕೆಲಸವನ್ನೇ ಮಾಡುತ್ತದೆ. ಲೈನಿನ ತುದಿಗೆ ಕಟ್ಟುವ ತೆಳು ದಾರ, ಅಂದರೆ ಲೀಡರ್, 9 ಅಡಿ. ಅದರ ತುದಿಗೆ 5ಎಕ್ಸ್ ದಪ್ಪದ ಟಿಪೆಟ್, ಅಂದರೆ ಫ್ಲೈ ಕಟ್ಟುವ ಇನ್ನೂ ತೆಳು ದಾರ.

ಬೀಸುವುದಕ್ಕಿಂತ ತೇಲಿಸುವುದು ಮುಖ್ಯ. ಫ್ಲೈ ನೀರಿನ ವೇಗದಲ್ಲೇ ಬರಬೇಕು. ಲೈನ್ ಎಳೆದು ಅದು ಸ್ವಲ್ಪ ಜೋರಾಗಿ ಬಂದರೂ ಮೀನಿಗೆ ಅನುಮಾನ. ಮೈದಾನದಲ್ಲಿ 40 ಅಡಿ ಬೀಸುತ್ತೀಯ ಸರಿ, ಅಲ್ಲಿ 20 ಅಡಿ ಸಾಕು. ಆದರೆ ನೀರು ತಿಳಿಯಿರುವುದರಿಂದ ನಿನ್ನ ನೆರಳು ಮಡುವಿನ ಮೇಲೆ ಬೀಳಬಾರದು. ಬಗ್ಗಿ, ಕೆಳಗಿನಿಂದ ಮೇಲಕ್ಕೆ ಹೋಗು. ಮೀನು ಹರಿವಿಗೆ ಮುಖ ಮಾಡಿ ನಿಂತಿರುತ್ತೆ, ಬೆನ್ನ ಹಿಂದೆ ಬಂದವರು ಕಾಣಲ್ಲ.

ಇನ್ನೊಂದನ್ನು ಕೈಮುಗಿದು ಕೇಳಿಕೊಳ್ತೀನಿ. ಬ್ರೌನ್ ಟ್ರೌಟ್ ಚಳಿಗಾಲದಲ್ಲೇ ಮೊಟ್ಟೆ ಇಟ್ಟು ಮುಗಿಸಿರುತ್ತದೆ. ರೇನ್‌ಬೋ ಟ್ರೌಟ್ ತಡ, ಮಾರ್ಚ್‌ನಲ್ಲೂ ಇಡುತ್ತಿರಬಹುದು. ಮೊಣಕಾಲುದ್ದ ನೀರಿನಲ್ಲಿ ಸಣ್ಣ ಜಲ್ಲಿಕಲ್ಲು ಪಾಚಿ ಇಲ್ಲದೆ ತೊಳೆದ ಹಾಗೆ ಬೆಳ್ಳಗೆ ಕಂಡರೆ ಅದು ಅವುಗಳ ಗೂಡು. ಅದರ ಮೇಲೆ ಕಾಲಿಡಬೇಡ. ಅಲ್ಲಿ ನಿಂತ ಜೋಡಿಗೆ ಗಾಳ ಎಸೆಯಬೇಡ.

ಪರವಾನಗಿ ಮೀನುಗಾರಿಕೆ ಇಲಾಖೆಯಿಂದ ಮಾಡಿಸಿಕೋ, ಉಳಿದುಕೊಳ್ಳುವ ಮನೆಯವರೇ ದಾರಿ ತೋರಿಸುತ್ತಾರೆ. ಮೇಲಿನ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಒಳಗೆ ಗಾಳ ಹಾಕುವಂತಿಲ್ಲ.

ಬಾತಿ ಕೆರೆ ದಂಡೆ · ಫೆಬ್ರವರಿ 17

ಅಕ್ಕಾ, ಎರಡು ಸಲ ಓದಿದೆ. ಪ್ರಿಂಟ್ ತೆಗೆದು ಇಟ್ಟುಕೊಂಡೆ. ಬೆಳಗ್ಗೆ ಏಳಬೇಡ ಅಂತ ಗಾಳ ಹಾಕುವವರು ಹೇಳಿದ್ದು ಇದೇ ಮೊದಲು ಕೇಳಿದ್ದು. ಅಜ್ಜ ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ಆದರೆ ಆಮ್ಲಜನಕದ ಲೆಕ್ಕ ಓದಿದ ಮೇಲೆ ಅವರು ಹೇಳುತ್ತಿದ್ದ 'ತಂಪು ಹೊತ್ತು' ಯಾಕೆ ಅಂತ ಈಗ ತಿಳಿಯಿತು. ಹೊಳೆಸಾಲು ಅಣ್ಣ, ನಿಮ್ಮ ಕಡ್ಡಿ ಚುಚ್ಚುವ ಮಾತೂ ಬರೆದಿಟ್ಟುಕೊಂಡೆ.

ಸೂಳೆಕೆರೆ ಏರಿ · ಫೆಬ್ರವರಿ 18

ಎರಡು ಪ್ರಶ್ನೆ ಇದೆ, ಯಾರೂ ಬೇಜಾರು ಮಾಡ್ಕೋಬೇಡಿ.

ಟ್ರೌಟ್ ನಮ್ಮ ದೇಶದ ಮೀನೇ ಅಲ್ಲ ಅಂತ ಕೇಳಿದ್ದೇನೆ. ಹೊರಗಿನಿಂದ ತಂದು ಬಿಟ್ಟ ಮೀನಿಗೆ ಇಷ್ಟು ಕಾಳಜಿ ಯಾಕೆ? ಇನ್ನೊಂದು, ಫ್ಲೈ ಗಾಳದವರು ಮೀನನ್ನು ಹಿಡಿದು ವಾಪಸ್ ಬಿಡುತ್ತಾರಂತಲ್ಲ, ಅದು. ನಮ್ಮೂರಲ್ಲಿ ಮೀನು ಹಿಡಿದರೆ ಸಾರಿಗೆ. ತಿನ್ನದೆ ಇದ್ದರೆ ಅದರ ಬಾಯಿಗೆ ಕೊಕ್ಕೆ ಚುಚ್ಚುವುದು ಯಾಕೆ? ಆಟಕ್ಕೆ ಒಂದು ಜೀವಕ್ಕೆ ನೋವು ಕೊಡುವುದು ನನಗೆ ಸರಿ ಕಾಣಲ್ಲ.

ದುರ್ಗದ ಬಂಡೆ · ಫೆಬ್ರವರಿ 18

ಒಳ್ಳೆ ಪ್ರಶ್ನೆ, ಬೇಜಾರು ಯಾಕೆ.

ಹೌದು, ಟ್ರೌಟ್ ಹೊರಗಿನದು. ಬ್ರಿಟಿಷರು 1900ರ ಹೊತ್ತಿಗೆ ಸ್ಕಾಟ್ಲೆಂಡಿನಿಂದ ಬ್ರೌನ್ ಟ್ರೌಟ್ ಮೊಟ್ಟೆ ತಂದು ಕಾಶ್ಮೀರದಲ್ಲಿ ಮರಿ ಮಾಡಿದರು. 1909ರಲ್ಲಿ ಕುಲ್ಲು ಕಣಿವೆಗೆ ಬಂತು. ನಮ್ಮ ಪಕ್ಕದ ನೀಲಗಿರಿಯ ಅವಲಾಂಚಿಯಲ್ಲೂ ಅದೇ ಕಾಲದಲ್ಲಿ ರೇನ್‌ಬೋ ಟ್ರೌಟ್ ಸಾಕಿದರು. ಆ ಹಿಮದ ಹೊಳೆಗಳ ಸ್ವಂತ ಮೀನು ಸ್ನೋ ಟ್ರೌಟ್. ಹೆಸರು ಹಾಗಿದ್ದರೂ ಅದು ಗೆಂಡೆ ಜಾತಿಯದು. ಬಂದ ಮೀನು ಇದ್ದ ಮೀನಿನ ಜಾಗ ತಿಂದಿದೆ. ಅದನ್ನು ಮುಚ್ಚಿಡುವುದು ಬೇಡ. ಆದರೆ ಈಗ ಆ ಕಣಿವೆಯ ಎಷ್ಟೋ ಮನೆಗಳ ಅನ್ನ ಟ್ರೌಟ್ ಮೇಲೆ ನಿಂತಿದೆ. ಹೊಳೆಗೆ ಕೊಳಕು ಬಿಡಬೇಡಿ ಅಂತ ಊರವರು ನಿಂತು ಹೇಳುತ್ತಿರುವುದೂ ಅದರಿಂದಲೇ. ನೀರು ತಣ್ಣಗೆ, ಶುದ್ಧವಾಗಿ ಉಳಿದರೆ ಸ್ನೋ ಟ್ರೌಟಿಗೂ ಒಳ್ಳೆಯದೇ.

ಎರಡನೆಯದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಹಿಡಿದು ಬಿಡುವುದರಲ್ಲಿ ನೋವಿಲ್ಲ ಅಂತ ನಾನು ಹೇಳಲ್ಲ. ಆ ನೋವನ್ನು ಎಷ್ಟು ಕಡಿಮೆ ಮಾಡಬಹುದೋ ಅಷ್ಟು ಮಾಡ್ತೀನಿ. ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡ್ತೀನಿ. ಒಣ ಕೈಯಲ್ಲಿ ಮುಟ್ಟಲ್ಲ, ಮೈಮೇಲಿನ ಲೋಳೆ ಹೋದರೆ ಮೀನಿಗೆ ರೋಗ ಹತ್ತುತ್ತೆ. ಫೋಟೋ ಬೇಕಾದರೂ ನೀರಿನಿಂದ ಪೂರ್ತಿ ಎತ್ತಲ್ಲ. ಬಿಸಿಲು ಜೋರಾಗಿ ನೀರು 19, 20 ಡಿಗ್ರಿಗೆ ಬಂದ ದಿನ ಗಾಳ ಮಡಚಿಡ್ತೀನಿ, ಯಾಕಂದ್ರೆ ದಣಿದ ಟ್ರೌಟ್ ಆ ಬಿಸಿಯಲ್ಲಿ ಚೇತರಿಸಿಕೊಳ್ಳಲ್ಲ. ನೀವು ಒಂದು ಮೀನು ಹಿಡಿದು ಸಾರು ಮಾಡಿ ನಿಲ್ಲಿಸಿದರೆ ಅದೂ ನ್ಯಾಯವೇ. ನಾನು ಹತ್ತು ಹಿಡಿದು ಬಿಟ್ಟಿದ್ದಕ್ಕಿಂತ ಅದು ಹೆಚ್ಚು ನ್ಯಾಯ ಇರಬಹುದು. ಇದನ್ನು ನಾನು ಇನ್ನೂ ಯೋಚಿಸುತ್ತಾ ಇದ್ದೇನೆ.

ಸೂಳೆಕೆರೆ ಏರಿ · ಫೆಬ್ರವರಿ 18

ನೇರವಾಗಿ ಹೇಳಿದ್ದಕ್ಕೆ ಧನ್ಯವಾದ ಅಕ್ಕ. ನಾನಿನ್ನೂ ಒಪ್ಪಿಲ್ಲ. ಆದರೆ ನಿಮ್ಮ ಮಾತಿನಲ್ಲಿ ಮೀನಿನ ಬಗ್ಗೆ ಗೌರವ ಇದೆ.

ವೇದಾವತಿ ಕಣಿವೆ · ಫೆಬ್ರವರಿ 20

ಸರೋವರದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಹೇಳ್ತೀನಿ. ನಮ್ಮೂರು ಹಿರಿಯೂರು. ಸೇನೆಯಲ್ಲಿದ್ದಾಗ ಕಾಶ್ಮೀರದಲ್ಲಿ ಇದ್ದೆ. ರಜೆಯಲ್ಲಿ ಗಂಗಾಬಲ್ ಸರೋವರಕ್ಕೆ ಹತ್ತಿದ್ದೇನೆ. ಹರ್ಮುಖ್ ಬೆಟ್ಟದ ಬುಡದಲ್ಲಿ, ಸುಮಾರು 3,500 ಮೀಟರ್ ಎತ್ತರ. ಅಲ್ಲಿ ಬ್ರೌನ್ ಟ್ರೌಟ್ ಇದೆ. ಆದರೆ ಮಾರ್ಚ್‌ನಲ್ಲಿ ಅಂಥ ಸರೋವರಗಳ ಆಸೆ ಬೇಡ ಬ್ರದರ್. ಮಂಜುಗಡ್ಡೆ ಮುಚ್ಚಿರುತ್ತದೆ, ದಾರಿಯಲ್ಲಿ ಸೊಂಟದುದ್ದ ಹಿಮ. ಹೊಳೆಯ ಸೀಸನ್ ಮಾರ್ಚ್‌ಗೆ ಶುರುವಾದರೆ ಎತ್ತರದ ಸರೋವರದ್ದು ಶುರುವಾಗುವುದು ಜೂನ್ ಕೊನೆಗೆ, ಜುಲೈಗೆ.

ಗಡ್ಡೆ ಒಡೆದ ಮೊದಲ ಎರಡು ವಾರ ಮಾತ್ರ ನೋಡಲೇಬೇಕು. ನೀರು ಅತಿ ಭಾರ ಇರುವುದು 4 ಡಿಗ್ರಿಯಲ್ಲಿ. ಚಳಿಗಾಲದಲ್ಲಿ ಗಡ್ಡೆಗೆ ತಾಗಿದ ನೀರು 0 ಡಿಗ್ರಿ, ತಳದ್ದು 4. ಗಡ್ಡೆ ಹೋಗಿ ಮೇಲ್ನೀರು ಬಿಸಿಯಾಗುತ್ತಾ 4ಕ್ಕೆ ಬಂದಾಗ ಮೇಲೆ ಕೆಳಗೆ ಎಲ್ಲ ಒಂದೇ ತೂಕ. ಆಗ ಗಾಳಿ ಬೀಸಿದರೆ ಇಡೀ ಸರೋವರ ಕಲಕಿಕೊಳ್ಳುತ್ತದೆ. ಮೇಲಿನ ಆಮ್ಲಜನಕ ತಳಕ್ಕೆ ಹೋಗುತ್ತದೆ, ತಳದ ಸಾರ ಮೇಲೆ ಬರುತ್ತದೆ. ದಂಡೆಯ ತೆಳುನೀರು ಬೇಗ ಬಿಸಿಯಾಗುತ್ತದೆ, ಸೊಳ್ಳೆಯಂಥ ಮಿಡ್ಜ್ ಹುಳುಗಳು ಅಲ್ಲೇ ಏಳುತ್ತವೆ, ಟ್ರೌಟ್ ಅಲ್ಲಿಗೇ ಬರುತ್ತದೆ. ದೂರಕ್ಕೆ ಎಸೆಯಬೇಕಾಗಿಲ್ಲ. ಹಳ್ಳ ಬಂದು ಸೇರುವ ಮೂಲೆಯಲ್ಲಿ, ದಂಡೆಯಿಂದ ಹತ್ತಡಿಯಲ್ಲಿ ಮೀನು. ನಾನು ಬೂಟು ಹಾಕಿಕೊಂಡು ನೀರಿಗಿಳಿದು ಅವನ್ನೆಲ್ಲ ಓಡಿಸಿದೆ. ಮಾರನೇ ದಿನ ದಂಡೆಯಿಂದ ಹಿಂದೆ ನಿಂತು ಹಾಕಿದಾಗ ಸಿಕ್ಕವು.

ನಮ್ಮ ಮಾರಿ ಕಣಿವೆ, ಅಂದರೆ ವಾಣಿ ವಿಲಾಸ ಸಾಗರದಲ್ಲೂ ದಂಡೆಯ ತೆಳುನೀರಿನ ಲೆಕ್ಕ ಒಂದಿದೆ. 2022ರ ಸೆಪ್ಟೆಂಬರ್‌ನಲ್ಲಿ ವಾಣಿ ವಿಲಾಸ ಸಾಗರ 130 ಅಡಿ ತುಂಬಿ ಕೋಡಿ ಬಿತ್ತಲ್ಲ, 1933ರ ನಂತರ ಅದೇ ಮೊದಲು. ಅಷ್ಟು ವರ್ಷ ಒಣಗಿದ್ದ ಜಾಲಿ ಪೊದೆ, ಹುಲ್ಲು ಎಲ್ಲ ಮುಳುಗಿತು. ನೀರಿಗೆ ಹೊಸದಾಗಿ ಸಿಕ್ಕ ನೆಲ ಅದು. ಮೀನೆಲ್ಲ ಅಲ್ಲಿ. ಜನ ಆಳದ ಕಡೆ ಎಸೆಯುತ್ತಿದ್ದರು, ಮೀನು ಅವರ ಕಾಲ ಬುಡದಲ್ಲಿತ್ತು. ಆ ಹಿನ್ನೀರಿನಲ್ಲಿ ಮೀನು ಹಿಡಿಯುವ ಹಕ್ಕು ಪರವಾನಗಿ ಇರುವ ಮೀನುಗಾರರದ್ದು. ನಮ್ಮಂಥ ಗಾಳದವರು ಅವರನ್ನು ಕೇಳಿಯೇ ಕೂರಬೇಕು. ಕೇಳಿದರೆ ಬೇಡ ಅನ್ನಲ್ಲ.

ದುರ್ಗದ ಬಂಡೆ · ಮಾರ್ಚ್ 12

ಹೊರಡುವ ಮುಂಚೆ ಒಂದು ಎಚ್ಚರಿಕೆ. ತೀರ್ಥನ್ ಕೆಳಗೆ ಲಾರ್ಜಿ ಹತ್ರ ಬಿಯಾಸ್ ಸೇರುತ್ತದೆ. ಅಲ್ಲಿ ಅಣೆಕಟ್ಟು ಇದೆ. 2014ರ ಜೂನ್‌ನಲ್ಲಿ ಅದರ ಕೆಳಭಾಗದಲ್ಲಿ ನೀರು ದಿಢೀರನೆ ಏರಿ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಬಂಡೆ ಮೇಲೆ ಫೋಟೋ ತೆಗೆಯುತ್ತಿದ್ದ ಮಕ್ಕಳು. ಅಣೆಕಟ್ಟಿನ ಕೆಳಗೆ ಎಲ್ಲೂ ಇಳಿಯಬೇಡ. ಮೇಲಿನ ಹೊಳೆಯಲ್ಲೂ ಮೊಣಕಾಲು ದಾಟಿ ಹೋಗಬೇಡ. ಕೈಯಲ್ಲಿ ಊರುಗೋಲು ಇರಲಿ. ಪಾದ ಎತ್ತಿ ಇಡಬೇಡ, ಸವರಿಕೊಂಡು ಇಡು.

ಹರಿಹರ ಹೊಳೆಸಾಲು · ಮಾರ್ಚ್ 12

ಅಕ್ಕ ಹೇಳಿದ್ದು ಸತ್ಯ. ಭದ್ರಾ ನಾಲೆಯಲ್ಲೂ ಹಂಗೇ. ಮೊಣಕಾಲುದ್ದ ಅಂತ ಇಳಿಯುತ್ತಾರೆ, ಮೇಲಿಂದ ನೀರು ಬಿಟ್ಟರೆ ಎದೆಗೆ ಬರುತ್ತೆ, ಪಕ್ಕದಲ್ಲಿ ಹಿಡಿಯಲು ಏನೂ ಇರಲ್ಲ. ಜೋಪಾನ ತಮ್ಮಾ.

ಬಾತಿ ಕೆರೆ ದಂಡೆ · ಏಪ್ರಿಲ್ 7

ವಾಪಸ್ ಬಂದೆ. ದೆಹಲಿಯಿಂದ ಮನಾಲಿ ಬಸ್ ಹಿಡಿದು ಔಟ್‌ನಲ್ಲಿ ಇಳಿದು, ಅಲ್ಲಿಂದ ಬಂಜಾರ್ ದಾಟಿ ಹೋದೆ. ನಡೆದದ್ದು ನಡೆದ ಹಾಗೆ ಬರೀತೀನಿ.

ಮೊದಲ ದಿನ ಗಾಳ ಬಿಚ್ಚಲಿಲ್ಲ. ಹೊಳೆಸಾಲು ಅಣ್ಣ ಹೇಳಿದಂತೆ ಒಂದು ಕಲ್ಲಿಗೆ ಗುರುತು ಇಟ್ಟೆ. ಬೆಳಗ್ಗೆ ಏಳಕ್ಕೆ ನೀರು 6 ಡಿಗ್ರಿ. ಎರಡು ಗಂಟೆಗೆ ಒಂಬತ್ತೂವರೆ. ಸಂಜೆ ಆರಕ್ಕೆ ಗುರುತಿನಿಂದ ಎರಡು ಬೆರಳು ಮೇಲೆ ಬಂದಿತ್ತು. ಹಗಲಿಡೀ ಬಿಸಿಲಿಗೆ ಕರಗಿದ ಹಿಮದ ನೀರು ಸಂಜೆ ಹೊತ್ತಿಗೆ ಕೆಳಗೆ ಮುಟ್ಟುತ್ತದೆ ಅಂತ ನಾನು ಉಳಿದುಕೊಂಡ ಮನೆಯವರು ಹೇಳಿದರು. ಬೆಳಗ್ಗೆಗೆ ಮತ್ತೆ ಇಳಿದಿತ್ತು. ಹೊಳೆ ಉಸಿರಾಡುವ ಹಾಗೆ ಅನಿಸಿತು.

ಎರಡನೇ ದಿನ ಮನಸ್ಸು ತಡೆಯಲಿಲ್ಲ. ಅಕ್ಕ ಬೇಡ ಅಂದಿದ್ದರೂ ಆರೂವರೆಗೆ ಇಳಿದೆ. ಮೂರು ಗಂಟೆ ಒಂದು ಮೀನೂ ಮುಟ್ಟಲಿಲ್ಲ. ಬೆರಳು ಮರಗಟ್ಟಿ ಗಂಟು ಹಾಕಲು ಆಗುತ್ತಿರಲಿಲ್ಲ. ಅದರ ಮೇಲೆ ಆನ್‌ಲೈನ್‌ನಲ್ಲಿ ತರಿಸಿದ ಬೂಟಿನ ಅಟ್ಟೆ ಕಿತ್ತುಬಂತು.

ದಂಡೆಯಲ್ಲಿ ಕೂತಿದ್ದಾಗ ಒಂದು ಹಕ್ಕಿ ನೋಡಿದೆ. ಗುಬ್ಬಿಗಿಂತ ದೊಡ್ಡದು, ಮೈಯೆಲ್ಲ ಚಾಕೊಲೇಟ್ ಬಣ್ಣ. ಬಂಡೆ ಮೇಲೆ ನಿಂತು ಕುಣಿದ ಹಾಗೆ ಮಾಡಿ ಸೀದಾ ಹರಿವ ನೀರೊಳಗೆ ಮುಳುಗಿತು. ಹೋಯ್ತು ಅಂದುಕೊಂಡೆ. ಮೂರಡಿ ಆಚೆ ಎದ್ದು ಬಂತು, ಕೊಕ್ಕಿನಲ್ಲಿ ಹುಳ. ಬ್ರೌನ್ ಡಿಪ್ಪರ್ ಅಂತ ಆಮೇಲೆ ಗೊತ್ತಾಯಿತು. ಅರ್ಧ ಗಂಟೆ ಅದನ್ನೇ ನೋಡಿದೆ. ಅದು ಜೋರು ಹರಿವಿನಲ್ಲಿ ಮುಳುಗಲೇ ಇಲ್ಲ. ಹರಿವು ಮುಗಿದು ಮಡು ಶುರುವಾಗುವ ಅಂಚಿನಲ್ಲೇ ಮತ್ತೆ ಮತ್ತೆ ಮುಳುಗುತ್ತಿತ್ತು. ನಾನು ಹೋಗಿ ಅಲ್ಲಿನ ಕಲ್ಲು ಎತ್ತಿದೆ. ಕಪ್ಪು ಬಣ್ಣದ, ಅಕ್ಕಿಕಾಳಿನಷ್ಟು ಮರಿಗಳು ತುಂಬಿದ್ದವು. ಮರಳಿನ ಗೂಡು ಕಟ್ಟಿಕೊಂಡ ಕ್ಯಾಡಿಸ್ ಕೂಡ. ಮಧ್ಯಾಹ್ನ ಅಲ್ಲಿಗೇ 16 ನಂಬರ್ ಫೆಸೆಂಟ್ ಟೈಲ್ ಬಿಟ್ಟೆ. ಬೆಂಡು ಎರಡು ಸಲ ಅಳುಕಿತು. ಎರಡೂ ಸಲ ತಡ ಮಾಡಿದೆ.

ಮೂರನೇ ದಿನ ಮಳೆ, ಮೇಲೆ ಹಿಮ. ಹೊಳೆ ಚಹಾ ಬಣ್ಣ. ರೂಮಿನಲ್ಲೇ ಉಳಿದೆ.

ನಾಲ್ಕನೇ ದಿನ ಬೆಳಗ್ಗೆ 5 ಡಿಗ್ರಿ. ಮಂಕು ನೀರು ಮೆಲ್ಲಗೆ ತಿಳಿಯಾಗುತ್ತಿತ್ತು. ನಾನು ಹನ್ನೆರಡರವರೆಗೆ ಅಲುಗಾಡಲಿಲ್ಲ. ಒಂದು ಗಂಟೆಗೆ 8 ತೋರಿಸಿತು. ಡಿಪ್ಪರ್ ಮುಳುಗುತ್ತಿದ್ದ ಅದೇ ಅಂಚು. ಏಳನೇ ಸಲವೋ ಎಂಟನೇ ಸಲವೋ ತೇಲಿಸಿದಾಗ ಬೆಂಡು ನಿಂತಿತು. ಮುಳುಗಲಿಲ್ಲ, ಸುಮ್ನೆ ನಿಂತಿತು. ಎತ್ತಿದೆ. ರಾಡ್ ಬಾಗಿತು. ಹನ್ನೊಂದು ಇಂಚಿನ ಬ್ರೌನ್ ಟ್ರೌಟ್. ಬೆಣ್ಣೆ ಬಣ್ಣದ ಹೊಟ್ಟೆ, ಪಕ್ಕೆಯ ಮೇಲೆ ಕೆಂಪು ಚುಕ್ಕಿ, ಪ್ರತಿ ಚುಕ್ಕಿಗೂ ಸುತ್ತ ಬಿಳಿ ಬಳೆ. ನೀರಿನಲ್ಲೇ ಇಟ್ಟು ಕೊಕ್ಕೆ ತೆಗೆದೆ. ಕೈ ಸಡಿಲ ಮಾಡಿದ ಮೇಲೂ ಒಂದು ಕ್ಷಣ ಬೆರಳ ಮಧ್ಯೆಯೇ ನಿಂತಿತ್ತು, ಆಮೇಲೆ ಹೋಯಿತು. ನನಗೆ ಅಜ್ಜನ ನೆನಪು ಬಂದು ಕಣ್ಣು ತುಂಬಿತು.

ಐದನೇ ದಿನ ಎರಡು ಗಂಟೆ ಸುಮಾರಿಗೆ ಬೂದು ಬಣ್ಣದ ಸಣ್ಣ ಮೇಫ್ಲೈಗಳು ನೀರಿನ ಮೇಲೆ ತೇಲಲು ಶುರುವಾದವು. ಇಪ್ಪತ್ತೇ ನಿಮಿಷ. ಮೀನು ಮೇಲೆ ಬಂದು ಬಾಯಿ ತೆಗೆಯುವುದು ಕಾಣುತ್ತಿತ್ತು. ನಡುಗುವ ಕೈಯಲ್ಲಿ ಅವುಗಳ ಹಾಗೆ ಕಾಣುವ ಬ್ಲೂ ವಿಂಗ್ಡ್ ಆಲಿವ್ ಅನ್ನುವ ಫ್ಲೈ ಕಟ್ಟಿದೆ. ಒಂದು ಹಿಡಿದೆ, ಒಂದು ತಪ್ಪಿತು. ಮೇಲೊಂದು ಕಡೆ ತೊಳೆದಂಥ ಜಲ್ಲಿ ಮೇಲೆ ಎರಡು ರೇನ್‌ಬೋ ನಿಂತಿದ್ದವು. ದೊಡ್ಡವು. ಅಕ್ಕ ಹೇಳಿದ್ದು ನೆನಪಾಗಿ ದೂರದಿಂದ ಸುತ್ತಿ ಹೋದೆ.

ಐದು ದಿನಕ್ಕೆ ಎರಡು ಮೀನು.

ದುರ್ಗದ ಬಂಡೆ · ಏಪ್ರಿಲ್ 7

ನನ್ನ ಮೊದಲ ಮಾರ್ಚ್‌ನಲ್ಲಿ ಹನ್ನೆರಡು ದಿನಕ್ಕೆ ಒಂದು. ನಾಲ್ಕು ವರ್ಷ ಇದ್ದೂ ಡಿಪ್ಪರ್ ಹಕ್ಕಿಯ ಹಿಂದೆ ಹೋಗಬೇಕು ಅಂತ ನನಗೆ ಹೊಳೆದಿರಲಿಲ್ಲ. ತುಂಬಾ ಸಂತೋಷ ಆಯ್ತು.

ಹರಿಹರ ಹೊಳೆಸಾಲು · ಏಪ್ರಿಲ್ 8

ಸಂಜೆ ಏರಿ ಬೆಳಗ್ಗೆ ಇಳಿಯುವ ಹೊಳೆ! ಇದು ನನಗೆ ಹೊಸದು. ನಮ್ಮಲ್ಲಿ ಏರಿದರೆ ವಾರಗಟ್ಟಲೆ. ಕೊಕ್ಕರೆ ನಿಂತ ಕಡೆ ಬಲೆ ಬಿಡು ಅಂತ ನಮ್ಮಪ್ಪನೂ ಹೇಳ್ತಿದ್ದ. ಹಕ್ಕಿಗೆ ಮೊದಲು ಗೊತ್ತಾಗುತ್ತೆ.

ಸೂಳೆಕೆರೆ ಏರಿ · ಜೂನ್ 27

ಹಳೆಯ ಚರ್ಚೆ ಮತ್ತೆ ಎತ್ತುತ್ತಿದ್ದೇನೆ. ಬಾತಿ ಕೆರೆ ತಮ್ಮನ ಬರಹ ಓದಿದ ಮೇಲೆ ನಾನೂ ಒಂದು ರಾಡ್ ತಗೊಂಡೆ. ನಮ್ಮ ಕೆರೆಗೆ ಈಗ ಹರಿದ್ರಾ ಹಳ್ಳದ ಹೊಸ ನೀರು ಬರುತ್ತಿದೆ. ನಿನ್ನೆ ಜೊಂಡಿನ ಹತ್ರ ನೀರಿನ ಮೇಲೆ ಕೆಂಪಗೆ ತಟ್ಟೆಯಗಲ ಏನೋ ಕುದಿಯುತ್ತಿತ್ತು. ನೋಡಿದರೆ ಸಾವಿರಾರು ಮರಿ. ಅದರ ಕೆಳಗೆ ತೋಳುದ್ದದ ಕೊರವ ಮೀನು. ನೀರಿನ ಮೇಲೆ ತೇಲುವ ಕಪ್ಪೆಯಂಥ ಫ್ಲೈ, ಅಂದರೆ ಪಾಪ್ಪರ್, ಎಸೆದರೆ ಹಾರಿ ಕಚ್ಚುತ್ತೆ ಅಂತ ಹೇಳಿದರು. ಎಸೆಯಲಾ?

ಹರಿಹರ ಹೊಳೆಸಾಲು · ಜೂನ್ 27

ಬೇಡಪ್ಪಾ. ಕಚ್ಚುತ್ತೆ ನಿಜ. ಹಸಿವಿಗೆ ಅಲ್ಲ, ಮರಿ ಕಾಯಲು. ಕೊರವ ಜೋಡಿಯಾಗಿ ಮರಿ ಕಾಯುವ ಮೀನು. ಅದನ್ನು ಎತ್ತಿದರೆ ಗೆಂಡೆ, ಜಿಲೇಬಿ ಎಲ್ಲ ಬಂದು ಆ ಮರಿಗಳನ್ನು ಒಂದೇ ದಿನಕ್ಕೆ ತಿಂದು ಮುಗಿಸುತ್ತವೆ.

ಇಲ್ಲೂ ಹೊಳೆ ಕೆಂಪಾಗಿದೆ. ಗಾಜನೂರಿನ ತುಂಗಾ ಅಣೆಕಟ್ಟು ಸಣ್ಣದು, ಅದು ಮೊದಲು ತುಂಬಿ ನೀರು ಬಿಡುತ್ತಾರೆ. ಭದ್ರೆ ತುಂಬಲು ಇನ್ನೂ ಸಮಯ ಇದೆ. ಹೊಸ ನೀರಿನ ವಾಸನೆಗೆ ಗೆಂಡೆ, ರೋಹು, ಕಾಟ್ಲಾ ಎಲ್ಲ ಎದುರು ಹತ್ತುತ್ತಿವೆ. ರೋಹು, ಕಾಟ್ಲಾ ನಿಂತ ಕೆರೆಯಲ್ಲಿ ತಾವಾಗಿ ಮೊಟ್ಟೆ ಇಡುವುದಿಲ್ಲ, ಹರಿಯುವ ಹೊಸ ನೀರೇ ಬೇಕು. ಒಂದು ಕೆಜಿ ರೋಹುವಿನ ಹೊಟ್ಟೆಯಲ್ಲಿ ಎರಡು ಲಕ್ಷಕ್ಕಿಂತ ಜಾಸ್ತಿ ಮೊಟ್ಟೆ. ಈಗ ಹಳ್ಳದ ಬಾಯಿಗೆ ಕೂಳಿ ಇಟ್ಟು, ಕತ್ತಿ ಹಿಡಿದು ನಿಲ್ಲುವವರು ಇದ್ದಾರೆ. ನಾನೂ ಹುಡುಗನಾಗಿದ್ದಾಗ ನಿಂತಿದ್ದೆ. ಚೀಲ ತುಂಬುತ್ತಿತ್ತು. ಈಗ ಆ ಹಳ್ಳಗಳಲ್ಲಿ ಮೊದಲಿನಷ್ಟು ಮೀನು ಹತ್ತುತ್ತಿಲ್ಲ. ಅದು ನಮ್ಮ ಕೈಯಾರೆ ಆದದ್ದು ಅಂತ ನಾನು ಒಪ್ಪಿಕೊಳ್ತೀನಿ.

ಸೂಳೆಕೆರೆ ಏರಿ · ಜೂನ್ 27

ಎಸೆಯಲ್ಲ ಅಣ್ಣ. ಮರಿ ಯಾವಾಗ ಬಿಟ್ಟುಹೋಗುತ್ತವೆ?

ಹರಿಹರ ಹೊಳೆಸಾಲು · ಜೂನ್ 28

ಕೆಂಪು ಬಣ್ಣ ಹೋಗಿ ಮೈ ಕಪ್ಪಾಗಬೇಕು. ಗುಂಪು ಒಡೆಯಬೇಕು. ಅಲ್ಲಿಯವರೆಗೆ ದಿನಾ ಹೋಗಿ ನೋಡು, ಇಲ್ಲೇ ಬರೆ. ಯಾವ ತಾರೀಖಿಗೆ ಒಡೆಯಿತು ಅಂತ ನನಗೂ ಬೇಕು.

ಬಾತಿ ಕೆರೆ ದಂಡೆ · ಜೂನ್ 28

ನನ್ನ ಥರ್ಮಾಮೀಟರ್ ಒಯ್ಯಿರಿ ಸೂಳೆಕೆರೆ ಅಣ್ಣ. ಶನಿವಾರ ಚನ್ನಗಿರಿಗೆ ಬರುತ್ತಿದ್ದೇನೆ, ಬಸ್ ಸ್ಟ್ಯಾಂಡಿನಲ್ಲಿ ಕೊಡುತ್ತೇನೆ. ಜೊಂಡಿನ ಹತ್ರ ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಇಳಿಬಿಡಿ. ನೀರಿನ ಅಂಚಿಗೆ ಒಂದು ಕಲ್ಲು ಗುರುತು ಇಡುವುದು ಮರೆಯಬೇಡಿ.